ಎಂಟು ಮಹಡಿಯ ಘಟ್ಟ

ದೋಹಾದ ವೆಸ್ಟ್ ಬೇಯಲ್ಲಿರುವ ಒಂದು ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಬೇರೆಯವರ ಕೆಲಸಕ್ಕೆ ಪ್ಲ್ಯಾನ್ ಹಾಕಿಕೊಡುವುದೇ ನನ್ನ ಉದ್ಯೋಗ. ಯಾವ ಕಂಬ ಯಾವ ದಿನ ಏಳಬೇಕು, ಯಾವ ಕ್ರೇನ್ ಎಷ್ಟು ಹೊತ್ತಿಗೆ ಬರಬೇಕು, ಯಾರ ರಜೆ ಯಾರ ರಜೆಗೆ ಡಿಕ್ಕಿ ಹೊಡೆಯಬಾರದು, ಎಲ್ಲ ನನ್ನ ಕಂಪ್ಯೂಟರಿನಲ್ಲಿರುತ್ತದೆ. ಹಾಗಾಗಿ ನಮ್ಮ ಸೈಕಲ್ ಗುಂಪಿನ ಹಿರಿಯರು, ಸ್ಕಾಟ್ಲೆಂಡಿನ ಎಂಜಿನಿಯರು, ಈ ಬೇಸಿಗೆಗೆ ನಿವೃತ್ತಿಯಾಗಿ ಊರಿಗೆ ಹೋಗುವವರು, "ಹೋಗುವ ಮುಂಚೆ ನಿಮ್ಮಿಬ್ಬರಿಗೂ ನನ್ನ ಬೆಟ್ಟ ತೋರಿಸುತ್ತೇನೆ, ಒಂದು ವಾರಾಂತ್ಯ ಸಾಕು, ಪ್ಲ್ಯಾನ್ ಮಾತ್ರ ನೀವು ಹಾಕಿ" ಎಂದಾಗ ನಾನು ಮರುಮಾತಾಡದೆ ಒಪ್ಪಿಕೊಂಡೆ. ಇಬ್ಬರು ಎಂದರೆ ನಾನು ಮತ್ತು ಉಡುಪಿ ಕಡೆಯ ನನ್ನ ಗೆಳತಿ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಜಿಮ್ಮಿಗೆ ಹೋಗುವವಳು. ನಾನು ಐವತ್ತೊಂದರವಳು, ವಿಜಯಪುರದ ಎರೆಹೊಲದಲ್ಲಿ ಬೆಳೆದವಳು. ಹೊಲದ ಬದುವಿಗಿಂತ ಎತ್ತರದ ಏನನ್ನೂ ಹತ್ತಿದವಳಲ್ಲ.

ಸೈಕಲ್ಲಿಗೇ ಡೇರೆ, ಹಾಸಿಗೆಚೀಲ, ಒಲೆ ಎಲ್ಲ ಕಟ್ಟಿಕೊಂಡು ಬೆಟ್ಟ ಸುತ್ತುವುದಕ್ಕೆ ಬೈಕ್‌ಪ್ಯಾಕಿಂಗ್ ಎನ್ನುತ್ತಾರೆ. ನಾನು ನಕಾಶೆ ಹರಡಿಕೊಂಡು ಕುಳಿತೆ. ಗುರುವಾರ ಮಧ್ಯಾಹ್ನ ಸ್ಕಾಟ್ಲೆಂಡಿಗೆ ವಿಮಾನ. ಶುಕ್ರವಾರ ಬೆಳಿಗ್ಗೆ ರೈಲಿನಲ್ಲಿ ಬೆಟ್ಟದ ಬುಡದ ಸ್ಟೇಷನ್ನು. ಅಲ್ಲಿಗೆ ಹಿರಿಯರ ತಮ್ಮ ವ್ಯಾನ್ ತರುತ್ತಾನೆ, ನಮ್ಮನ್ನೂ ಸೈಕಲ್ಲುಗಳನ್ನೂ ಸಾಮಾನನ್ನೂ ಹೇರಿಕೊಂಡು ಆರುನೂರು ಮೀಟರ್ ಎತ್ತರದ ಘಟ್ಟವನ್ನು ದಾಟಿಸಿ ಆಚೆ ಬಿಡುತ್ತಾನೆ. ಅಲ್ಲಿಂದ ಸರೋವರದ ದಂಡೆಗುಂಟ, ಬೆಟ್ಟವನ್ನು ಬಳಸಿಕೊಂಡು, ಎರಡು ದಿನ ಆರಾಮಾಗಿ ತುಳಿದು ಶನಿವಾರ ಸಂಜೆ ಅದೇ ಸ್ಟೇಷನ್ನಿಗೆ ವಾಪಸು. ಭಾನುವಾರದ ವಿಮಾನ, ಸೋಮವಾರ ಬೆಳಿಗ್ಗೆ ಕಚೇರಿ. ಗುರುವಾರಕ್ಕೂ ಭಾನುವಾರಕ್ಕೂ ರಜೆ ಮಂಜೂರಾಯಿತು. ದಿನ ಬದಲಿಸಲು ಬಾರದ ಅಗ್ಗದ ಟಿಕೆಟ್ಟುಗಳನ್ನೂ ತೆಗೆದೆ.

ಊಟದ ಜವಾಬ್ದಾರಿಯೂ ನನ್ನದೇ. ಸೈಕಲ್ಲಿನವರು ನೀರು ಹಾಕಿದರೆ ಅನ್ನವಾಗುವ ಪೊಟ್ಟಣಗಳನ್ನು ಒಯ್ಯುತ್ತಾರಂತೆ. ನಮ್ಮೂರಿನ ಕಡಕ್ ರೊಟ್ಟಿ ಇರುವಾಗ ಆ ಪೊಟ್ಟಣ ಯಾಕೆ? ತಿಂಗಳಾದರೂ ಕೆಡುವುದಿಲ್ಲ, ಭಾರವಿಲ್ಲ, ಚೀಲದಲ್ಲಿ ಪುಡಿಯಾದರೆ ಇನ್ನೂ ಒಳ್ಳೆಯದು, ಬಿಸಿನೀರು ಚಿಮುಕಿಸಿ ಶೇಂಗಾ ಚಟ್ನಿ ಎಣ್ಣೆ ಕಲಸಿದರೆ ಊಟ ಸಿದ್ಧ. ಗಲ್ಫಿನ ಪ್ರತಿ ಮನೆಯಲ್ಲೂ ಊರಿಗೆ ಹೋಗುವಾಗ ಲಗೇಜು ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ಲ, ಅದಕ್ಕೆ ಡೇರೆಯಿಂದ ಹಿಡಿದು ಚಮಚದವರೆಗೆ ನೇತುಹಾಕಿ ತೂಗಿದೆ. ಒಟ್ಟು ಹನ್ನೊಂದು ಕಿಲೋ ಬಂತು.

ದುಖಾನಿನ ತೈಲಬಾವಿಗಳಲ್ಲಿ ಕೆಲಸ ಮಾಡುವ ನನ್ನ ಗಂಡ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅಂದು ಬಂದವರು ನಡುಮನೆಯ ತುಂಬ ಹರಡಿದ್ದ ಸಾಮಾನು ನೋಡಿ ಬಾಗಿಲಲ್ಲೇ ನಿಂತರು.

"ಐವತ್ತು ದಾಟೀದಿ, ಇನ್ನ ಡೇರೇದಾಗ ಮಲಗೂ ಹುಚ್ಚ ಹಿಡೀತೇನ ನಿನಗ?"

"ಹೌದ್ರಿ, ಹಿಡದೈತಿ. ಆ ಚೀಲಾ ತುಳೀಬ್ಯಾಡ್ರಿ, ರೊಟ್ಟಿ ಅದಾವು ಅದ್ರಾಗ."

ಪ್ಲ್ಯಾನ್ ಕೈಕೊಟ್ಟದ್ದು ಹೊರಡಲು ಐದು ವಾರ ಇದ್ದಾಗ. ಹಿರಿಯರು ತಮ್ಮನಿಗೆ ಫೋನು ಮಾಡಿದರೆ ಆತ, "ಶುಕ್ರವಾರವೇ? ಶುಕ್ರವಾರ ನಾನು ಕೆಲಸಕ್ಕೆ ಹೋಗಬೇಕಲ್ಲ. ರಜೆ ಕೇಳಿ ನೋಡಬಹುದು, ಸಿಗುವುದು ಕಷ್ಟ" ಎಂದನಂತೆ. ತಪ್ಪು ನನಗೆ ಆಗ ಹೊಳೆಯಿತು. ಇಲ್ಲಿ ವಾರದ ರಜೆ ಶುಕ್ರವಾರ ಶನಿವಾರ. ಅಲ್ಲಿ ಶನಿವಾರ ಭಾನುವಾರ. ಹುಟ್ಟಿದೂರಿನಲ್ಲಿ ಮೂವತ್ತು ವರ್ಷ ಭಾನುವಾರದ ರಜೆ ಅನುಭವಿಸಿದವಳಿಗೆ, ಶುಕ್ರವಾರ ದುಡಿಯುವ ಜನ ಭೂಮಿಯ ಮೇಲಿದ್ದಾರೆ ಎಂಬುದೇ ಮರೆತುಹೋಗಿತ್ತು. ತಮಾಷೆಯೆಂದರೆ ಇಪ್ಪತ್ತೈದು ವರ್ಷ ಇಲ್ಲಿದ್ದ ಹಿರಿಯರು ನನ್ನ ಪ್ಲ್ಯಾನನ್ನು ಎರಡು ಸಲ ಓದಿದ್ದರು, ಅವರಿಗೂ ತಮ್ಮ ದೇಶದ ಶುಕ್ರವಾರ ನೆನಪಾಗಿರಲಿಲ್ಲ. ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂತ ಮಾರಾಯ್ರೆ ಅಕ್ಕಾ, ಇಡೀ ಆಫೀಸಿನ ರಜೆ ನೋಡುವವರು ನೀವೇ ಅಲ್ವಾ!"

ನನಗೆ ನಗು ಬರಲಿಲ್ಲ. ಒಂದು ದಿನ ಮುಂದೂಡಿದರೆ ಸೋಮವಾರವೂ ರಜೆ ಬೇಕು, ಆ ಸೋಮವಾರ ದೊಡ್ಡ ಟೆಂಡರ್ ಸಲ್ಲಿಸುವ ದಿನ, ಸಿಗುವ ಮಾತೇ ಇಲ್ಲ. ವ್ಯಾನ್ ಇಲ್ಲದಿದ್ದರೆ ಘಟ್ಟವನ್ನು ಸಾಮಾನಿನ ಸಮೇತ ನಾವೇ ಹತ್ತಬೇಕು. ಹಿರಿಯರು ಗಡ್ಡ ಕೆರೆದುಕೊಂಡು, ತುಂಬ ಮೆತ್ತಗೆ ಹೇಳಿದರು: "ನಾವಿಬ್ಬರು ಹತ್ತುತ್ತೇವೆ. ನೀವು ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಆರಾಮಾಗಿರಿ. ಶನಿವಾರ ಸಂಜೆ ಅಲ್ಲೇ ಸಿಗುತ್ತೇವೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉಮ್ಮ್ ಸಲಾಲ್ ಕಡೆಯ ಸೈಕಲ್ ದಾರಿಯಲ್ಲಿ ಉತ್ತರದ ಗಾಳಿ ಎದುರಾದಾಗ ಸಾಲಿನ ಕೊನೆಗೆ ಉಳಿಯುವವಳು ನಾನೇ. ಆದರೂ ಮೈಯೆಲ್ಲ ಉರಿದುಹೋಯಿತು. ಪ್ಲ್ಯಾನ್ ನನ್ನದು, ನಕಾಶೆ ನನ್ನದು, ರೊಟ್ಟಿ ನನ್ನದು, ನಾನು ಮಾತ್ರ ಹೋಟೆಲಿನ ಕಿಟಕಿಯಲ್ಲಿ ಚಹಾ ಕುಡಿಯುತ್ತ ಕುಳಿತಿರಬೇಕು!

"ಆರುನೂರು ಮೀಟರ್ ಹತ್ತಿ ತೋರಿಸಿದರೆ?" ಎಂದೆ.

"ಕತಾರಿನಲ್ಲಿ? ಎಲ್ಲಿದೆ ಬೆಟ್ಟ?" ಎಂದು ಅವರು ನಕ್ಕರು.

ಬೆಟ್ಟ ನನ್ನ ಕಚೇರಿಯ ಕೆಳಗೇ ಇತ್ತು. ಎಂಟು ಮಹಡಿಯ ಪಾರ್ಕಿಂಗ್ ಕಟ್ಟಡ. ಮಹಡಿಗೆ ಮೂರು ಮೀಟರ್, ಒಂದು ಸಲ ಹತ್ತಿದರೆ ಇಪ್ಪತ್ತನಾಲ್ಕು, ಇಪ್ಪತ್ತೈದು ಸಲ ಹತ್ತಿದರೆ ಆರುನೂರು. ಶುಕ್ರವಾರ ಬೆಳಿಗ್ಗೆ ಅಲ್ಲಿ ಒಂದು ಕಾರೂ ಇರುವುದಿಲ್ಲ. ಹಿರಿಯರು ತಕರಾರು ತೆಗೆದರು: "ಪ್ರತಿ ಸಲ ಇಳಿಯುವಾಗ ವಿಶ್ರಾಂತಿ ಸಿಗುತ್ತದೆ. ಬೆಟ್ಟದಲ್ಲಿ ಹಾಗಿಲ್ಲ." ನಾನು, "ಹಾಗಾದರೆ ಮೂವತ್ತು ಸಲ" ಎಂದೆ. ಬಾಯಿಂದ ಬಂದ ಮೇಲೆಯೇ ಎಷ್ಟಾಯಿತೆಂದು ಗೊತ್ತಾದದ್ದು.

ಕಟ್ಟಡದ ಮೇಲ್ವಿಚಾರಕರ ಅನುಮತಿ ಪಡೆದು, ನಾಲ್ಕು ಶುಕ್ರವಾರ ಅಲ್ಲಿ ಅಭ್ಯಾಸ ಮಾಡಿದೆ. ಮೊದಲ ವಾರ ಆರು ಸಲ ಹತ್ತುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಗೇಟಿನ ಕಾವಲುಗಾರ ನೇಪಾಳದವರು, ನನ್ನಷ್ಟೇ ವಯಸ್ಸಿನವರು. ಗುಡ್ಡದಲ್ಲೇ ಹುಟ್ಟಿ ಬೆಳೆದ ಅವರಿಗೆ ನನ್ನನ್ನು ನೋಡಿ ನಗು ತಡೆಯಲಾಗಲಿಲ್ಲ. "ಮೇಡಮ್, ಪಹಾಡ್ ಮೇ ಜಲ್ದೀ ನಹೀ ಕರ್ತೇ" ಎಂದರು. ಬೆಟ್ಟದಲ್ಲಿ ಅವಸರ ಮಾಡಬಾರದಂತೆ. ಚಿಕ್ಕ ಗೇರಿಗೆ ಹಾಕಿ, ಉಸಿರಿಗೆ ತಕ್ಕಂತೆ ತುಳಿದು, ಮಾತಾಡಲು ಬರುವಷ್ಟೇ ವೇಗದಲ್ಲಿ ಹತ್ತಬೇಕಂತೆ. ಇಷ್ಟು ದಿನ ನಾನು ಗೆಳತಿಯ ಹಿಂದೆ ಬಿದ್ದು ಏದುಸಿರು ಬಿಟ್ಟದ್ದೇ ತಪ್ಪಾಗಿತ್ತು. ಎರಡನೆಯ ವಾರ ಹನ್ನೆರಡು ಹತ್ತಿದೆ. ನಾಲ್ಕನೆಯ ವಾರ ಇಪ್ಪತ್ತೆರಡು.

ಐದನೆಯ ಶುಕ್ರವಾರ ಪರೀಕ್ಷೆ. ಬೆಳಿಗ್ಗೆ ಐದಕ್ಕೆ ಹನ್ನೊಂದು ಕಿಲೋ ಕಟ್ಟಿಕೊಂಡು ಹೊರಟೆ. ಗಂಡ ಕೆಳಗಿನ ಮೆಟ್ಟಿಲ ಮೇಲೆ ನೀರಿನ ಬಾಟಲಿ, ಶೇಂಗಾ ಉಂಡಿಯ ಡಬ್ಬಿ ಇಟ್ಟುಕೊಂಡು ಕುಳಿತರು. ಕಾವಲುಗಾರರು ಕಂಬದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ನಿಂತರು. ಹತ್ತರವರೆಗೆ ಸಲೀಸು. ಹದಿನೇಳಕ್ಕೆ ಎಡ ಮೀನಖಂಡ ಹಿಡಿದುಕೊಂಡಿತು. ಇಳಿದು ಕುಂಟುತ್ತ ಸೈಕಲ್ ತಳ್ಳಿದೆ. ತಳ್ಳಬಹುದು, ನಿಲ್ಲುವಂತಿಲ್ಲ ಎಂದು ಹಿರಿಯರೇ ಹೇಳಿದ್ದರು.

"ಸಾಕ ಬಾರ, ಕಾಲ ಮುರಕೊಂಡಿ" ಎಂದರು ಗಂಡ.

"ನೀವು ಸುಮ್ಕ ಕುಂಡ್ರಿ!" ಎಂದು ನಾನು ಕೂಗಿದ್ದು ಎಂಟೂ ಮಹಡಿಗೆ ಕೇಳಿಸಿತು. ಮುಂದಿನ ಸುತ್ತಿನಲ್ಲಿ ಅವರು ಇಳಿಜಾರಿನ ಬುಡಕ್ಕೆ ಬಂದು ಒಂದು ಉಂಡಿಯನ್ನು ನನ್ನ ಬಾಯಿಗೇ ತುರುಕಿದರು. ನನಗೆ ಅಳು ಬಂತು. ಸಿಟ್ಟಿಗೋ ನೋವಿಗೋ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ.

ಹಿರಿಯರೂ ಗೆಳತಿಯೂ ಬಂದಾಗ ಕಂಬದ ಮೇಲೆ ಇಪ್ಪತ್ತೈದು ಗೆರೆಗಳಿದ್ದವು. "ಆರುನೂರು ಆಯಿತು, ಇಳಿಯಿರಿ" ಎಂದರು ಹಿರಿಯರು. ನಾನು ಇಳಿಯಲಿಲ್ಲ, ಮೂವತ್ತು ಎಂದಿದ್ದೆನಲ್ಲ. ಅವರಿಬ್ಬರೂ ಸೈಕಲ್ ಹತ್ತಿ ನನ್ನ ಹಿಂದೆ ಬಂದರು. ಮೂರನೆಯ ಸುತ್ತಿಗೆ ಗೆಳತಿ, "ಅಕ್ಕಾ, ಸ್ವಲ್ಪ ನಿಧಾನ ಹೋಗಿ, ತಲೆ ತಿರುಗ್ತದೆ" ಎಂದಳು. ಆ ಮಾತು ಕೇಳಿ ಆದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ.

ಮೂವತ್ತನೆಯ ಸಲ ಬಯಲು ಮಾಳಿಗೆಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಸಮುದ್ರದ ಕಡೆ ತಿರುಗಿ, "ಗೆದ್ನೀ!" ಎಂದು ಚೀರಿದೆ. ಕೆಳಗಿನಿಂದ ಕಾವಲುಗಾರರು ಸೀಟಿ ಊದಿದರು. ಗಂಡ ಲಿಫ್ಟಿನಲ್ಲಿ ಮೇಲೆ ಬಂದು, "ಆತಪಾ, ಹತ್ತಿದಿ" ಎಂದಷ್ಟೇ ಹೇಳಿ ಟವೆಲ್ಲು ಕೊಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು.

ಹಿರಿಯರು ಫೋನು ತೆಗೆದು ತಮ್ಮನಿಗೆ ಹಚ್ಚಿದರು. ಶುಕ್ರವಾರವಲ್ಲವೇ, ಆತ ಕೆಲಸಕ್ಕೆ ಹೊರಟಿದ್ದ. "ರಜೆ ಕೇಳುವುದು ಬೇಡ, ವ್ಯಾನ್ ಬೇಡ" ಎಂದರು. ಆತನ ದನಿ ನಮಗೆಲ್ಲ ಕೇಳಿಸಿತು: "ಮತ್ತೆ ನಿಮ್ಮನ್ನು ಘಟ್ಟ ದಾಟಿಸುವವರು ಯಾರು?"

ಹಿರಿಯರು ಫೋನನ್ನು ನನ್ನ ಕೈಗಿತ್ತರು.

"ನಾನು" ಎಂದೆ.