ಗಡಿ ದಾಟದ ನಂಬರು

ಊರಿಗಾಂನ ಆಸ್ಪತ್ರೆಯಲ್ಲಿ ಅದು ನನ್ನ ಮೊದಲ ದಿನ. ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಒಳಗೆ ಬಂದು, ಎಡಗೈಯನ್ನು ಮೇಜಿನ ಮೇಲೆ ಚಾಚಿ, ಮುಖ ಆಚೆ ತಿರುಗಿಸಿಕೊಂಡು ಕಣ್ಣು ಮುಚ್ಚಿದಳು.

“ಇಕ್ಕಮ್ಮ,” ಅಂದಳು.

“ಏನು ಇಡಬೇಕ್ರಿ ಅಕ್ಕಾ?”

“ಕರೆಂಟು.”

ಇಂಡಿ ತಾಲೂಕಿನಲ್ಲಿ ಹುಟ್ಟಿ, ಸೊಲ್ಲಾಪುರದಲ್ಲಿ ಕೆಲಸ ಮಾಡಿ ಬಂದವಳು ನಾನು. ಯಾರೂ ಹೀಗೆ ಕಣ್ಣು ಮುಚ್ಚಿಕೊಂಡು ನನ್ನ ಮುಂದೆ ಕೈ ಒಡ್ಡಿರಲಿಲ್ಲ. ಸುತ್ತ ನೋಡಿದೆ. ಕೋಣೆಯಲ್ಲಿ ಕರೆಂಟಿನದು ಅಂತ ಇದ್ದದ್ದು ಒಂದು ಫ್ಯಾನು ಮಾತ್ರ, ಅದೂ ತಿರುಗುತ್ತಿರಲಿಲ್ಲ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಅವ್ವನಿಗೂ ಅದು ಇನ್ನೂ ಸರಿಯಾಗಿ ತಿಳಿದಿಲ್ಲ. ಲಕ್ವ ಹೊಡೆದವರು, ಕೈಕಾಲಿಗೆ ಪೆಟ್ಟಾದವರು, ಸುಟ್ಟುಕೊಂಡವರು ಮತ್ತೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಹಾಗೆ ಮಾಡುವುದು. ಸೀರೆ ಉಡುವುದು, ಅನ್ನ ಕಲಸುವುದು, ಕೂಸನ್ನು ಎತ್ತಿಕೊಳ್ಳುವುದು, ಹೊಲಿಗೆ ಮಿಷನ್ ತುಳಿಯುವುದು. ಇದಕ್ಕೆ ಆಕ್ಯುಪೇಶನಲ್ ಥೆರಪಿ ಅನ್ನುತ್ತಾರೆ. ಸರಕಾರಿ ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ. ಆಸ್ಪತ್ರೆಯವರು ಆ ಹೆಸರನ್ನೇ ಬಾಗಿಲಿಗೆ ಬರೆಸಿದ್ದರು. ಚಿನ್ನದ ಗಣಿ ಮುಚ್ಚಿ ಕೆಲಸ ಕಳೆದುಕೊಂಡವರ ಊರು ಇದು. ಮೊದಲ ವಾರವೇ ಒಬ್ಬ ಮುದುಕರು ಬಾಗಿಲಲ್ಲಿ ನಿಂತು, “ಏನಮ್ಮ, ಮೊಮ್ಮಗನಿಗೆ ಕೆಲ್ಸ ಕೊಡಿಸ್ತೀರಾ?” ಎಂದು ಕೇಳಿದರು. ನಗು ಬರಲಿಲ್ಲ.

ನನ್ನ ಗಂಡ ರೈಲ್ವೆಯವರು. ವರ್ಗವಾದ ಕಡೆ ಗಂಟುಮೂಟೆ ಕಟ್ಟುವುದು ನಮಗೆ ಹೊಸದಲ್ಲ. ಬಂಗಾರಪೇಟೆ ಜಂಕ್ಷನ್ನಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಇಳಿದುಕೊಂಡೆವು. ಗಾಡಿ ಬಂದಾಗಲೆಲ್ಲ ಪಾತ್ರೆಗಳು ಅಲುಗಾಡುತ್ತವೆ. ಬೆಳಗಿನ ರೈಲು ಹಿಡಿದು ನಾನು ಊರಿಗಾಂಗೆ ಹೋಗುತ್ತೇನೆ. ದಾರಿಯಲ್ಲಿ ಗಣಿಯ ಮಣ್ಣಿನ ಬೋಳು ದಿಬ್ಬಗಳು ಕಾಣಿಸುತ್ತವೆ, ಇಲ್ಲಿಯವರು ಅದನ್ನು ಸೈನೈಡ್ ದಿಬ್ಬ ಅನ್ನುತ್ತಾರೆ. ನಮ್ಮ ಕಡೆ ಕಪ್ಪು ಎರೆಮಣ್ಣು ನೋಡಿದ ಕಣ್ಣಿಗೆ ಅದು ಮಣ್ಣು ಅಂತಲೇ ಅನಿಸುವುದಿಲ್ಲ.

ರೈಲಿನ ಒಂದೇ ಬೆಂಚಿನ ಮೇಲೆ ಮೂರು ಭಾಷೆ. ತಮಿಳಿನಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಏರಿ ಕನ್ನಡದಲ್ಲಿ ಇಳಿಯುತ್ತದೆ. ನಾನು ಬಾಯಿ ತೆರೆದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. “ನೀವು ಮರಾಠಿಯೋರಾ?” ಅನ್ನುತ್ತಾರೆ. ಸೊಲ್ಲಾಪುರದಲ್ಲಿದ್ದಾಗ ಅಲ್ಲಿಯವರು ನನ್ನನ್ನು ಕಾನಡಿ ಬಾಯಿ ಅಂತ ಕಾಡಿಸುತ್ತಿದ್ದರು. ನನ್ನದೇ ರಾಜ್ಯಕ್ಕೆ ಬಂದ ಮೇಲೆ ನಾನು ಮರಾಠಿಯವಳಾದೆ. ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಮನೆಯವರು ಗಾಬರಿಯಾಗಿ ಬಂದು ವಿಚಾರಿಸಿದ್ದೂ ಆಯಿತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ನಾನೂ ಕಲಿತೆ. ಇಲ್ಲಿಯ ಪಾನಿಪುರಿಯ ಪಾನಿ ಬಾವಿಯ ನೀರಿನಷ್ಟು ತಿಳಿ. ಏನಿರುತ್ತದೆ ಇದರಲ್ಲಿ ಅಂತ ಒಂದು ಗುಟುಕು ಕುಡಿದವಳಿಗೆ ಕಿವಿಯಲ್ಲಿ ಹೊಗೆ ಬಂತು. ಅದೊಂದು ಮಾತ್ರ ನನಗೆ ಮೊದಲ ದಿನದಿಂದಲೇ ಹಿಡಿಸಿದೆ.

ಕಣ್ಣು ಮುಚ್ಚಿ ಕೂತಿದ್ದ ಆ ಹೆಂಗಸಿನ ಹೆಸರು ವೆಂಕಟಮ್ಮ. ಬೇತಮಂಗಲದ ದಾರಿಯಲ್ಲಿರುವ ಒಂದು ಹಳ್ಳಿಯವಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಸೀಮೆಹುಲ್ಲು ಕೊಯ್ಯುವಾಗ ಕುಡುಗೋಲು ಜಾರಿ ಎಡ ಅಂಗೈ ಸೀಳಿತ್ತು. ಬೆರಳನ್ನು ಒಳಕ್ಕೆ ಎಳೆಯುವ ಹುರಿಯಂಥ ನರಗಳು, ಡಾಕ್ಟರರ ಮಾತಿನಲ್ಲಿ ಟೆಂಡನ್‌ಗಳು, ತುಂಡಾಗಿದ್ದವು. ಕೋಲಾರದಲ್ಲಿ ಡಾಕ್ಟರು ಅವನ್ನು ಜೋಡಿಸಿ ಹೊಲಿದು, ಪ್ಲಾಸ್ಟರ್ ಹಿಟ್ಟಿನ ಪಟ್ಟಿ ಕಟ್ಟಿ ಕಳಿಸಿದ್ದರು. ಈಗ ನನ್ನ ಮೇಜಿನ ಮೇಲಿದ್ದ ಕೈಯಲ್ಲಿ ಎರಡು ಬೆರಳು ಕಡ್ಡಿಯ ಹಾಗೆ ನೆಟ್ಟಗಿದ್ದವು. ಮಡಚಿ ಅಂದೆ. ಹುಬ್ಬು ಗಂಟಿಕ್ಕಿ ಪ್ರಯತ್ನಿಸಿದಳು, ಬೆರಳು ಅಲುಗಲಿಲ್ಲ.

“ಪಟ್ಟಿ ಯಾರು ಬಿಚ್ಚಿದ್ರು?”

“ಬಂಗಾರಪೇಟೇಲಿ ಕರೆಂಟು ಡಾಕ್ಟ್ರು ಅವ್ರಲ್ಲ, ಅವ್ರೇ. ಕಟ್ಕೊಂಡು ಕುಂತ್ರೆ ಕೈ ಮರ ಆಗೋಯ್ತದೆ ಅಂದ್ರು. ದಿನಾ ಕರೆಂಟು ಇಕ್ಕುದ್ರು. ರಬ್ಬರ್ ಚೆಂಡು ಕೊಟ್ಟು, ಶಕ್ತಿ ಹಾಕಿ ಹಿಸುಕಮ್ಮ ಅಂದ್ರು. ಒಂದಿನ ಒಳಗೆ ಏನೋ ಟಪ್ ಅಂತು. ಆವತ್ತಿಂದ ನೋವೇ ಇಲ್ಲ ಕಣಮ್ಮ. ವಾಸಿ ಆಯ್ತು ಅಂದ್ಕಂಡೆ.”

ಹೊಲಿದ ನರ ಕೂಡಿಕೊಳ್ಳುವ ತನಕ ಆ ಬೆರಳು ತಾನಾಗಿ ಬಲ ಹಾಕಿ ಮಡಚಲೇಬಾರದು. ಇನ್ನೊಂದು ಕೈ ಅದನ್ನು ಮೆಲ್ಲಗೆ ಮಡಚಿಸಬೇಕು. ಇದು ನಮ್ಮ ಓದಿನಲ್ಲಿ ದೊಡ್ಡ ವಿದ್ಯೆಯೇನಲ್ಲ, ಹುಡುಗಿಯರು ಬಾಯಿಪಾಠ ಒಪ್ಪಿಸುವ ವಿಷಯ. ಟಪ್ ಅಂದದ್ದು ಆ ಹೊಲಿಗೆ.

ಆ ಸಂಜೆಯೇ ನಾನು ಆ ಕರೆಂಟು ಡಾಕ್ಟರನ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿ ಎಂದೇ ಬರೆಯುತ್ತೇನೆ. ಬೋರ್ಡಿನ ಮೇಲೆ ಹೆಸರಿನ ಹಿಂದೆ ಡಾಕ್ಟರ್, ಕೆಳಗೆ ನನ್ನ ಕೆಲಸದ ಹೆಸರೂ ಸೇರಿ ಏಳೆಂಟು ಥೆರಪಿಗಳ ಪಟ್ಟಿ. ಮೊದಲು ಈ ಕರೆಂಟಿನ ಪೆಟ್ಟಿಗೆಗಳನ್ನು ಆಸ್ಪತ್ರೆಗಳಿಗೆ ಮಾರುತ್ತಿದ್ದವನಂತೆ. ಮಾರುತ್ತಾ ಮಾರುತ್ತಾ ಒಂದನ್ನು ತಾನೇ ಇಟ್ಟುಕೊಂಡು ಕೂತ. ನಾನು ವೆಂಕಟಮ್ಮನ ಕೈಯ ವಿಷಯ ಹೇಳಿದೆ. ಅವನು ಕುರ್ಚಿ ಹಾಕಿದ, ಚಾ ತರಿಸಿದ, ಪೂರ್ತಿ ಕೇಳಿಸಿಕೊಂಡ.

“ನಿಮ್ದು ಯಾವ ಕೌನ್ಸಿಲ್ಲು ಮೇಡಂ?” ಅಂದ.

ಹೇಳಿದೆ. ಸೊಲ್ಲಾಪುರ ಸೇರಿದ ಪಕ್ಕದ ರಾಜ್ಯದಲ್ಲಿ ನಮ್ಮ ಕೆಲಸದವರಿಗೆ ಒಂದು ಪರಿಷತ್ತು ಇದೆ. ಓದು ಮುಗಿಸಿದವರ ಹೆಸರು ಅಲ್ಲಿ ಸೇರುತ್ತದೆ, ಒಂದು ನಂಬರು ಕೊಡುತ್ತಾರೆ. ಆ ನಂಬರು ಇಲ್ಲದೆ ರೋಗಿಯನ್ನು ಮುಟ್ಟುವ ಹಾಗಿಲ್ಲ. ತಪ್ಪು ಮಾಡಿದರೆ ಕರೆದು ಕೇಳುತ್ತಾರೆ, ಹೆಸರು ಹೊಡೆದುಹಾಕುತ್ತಾರೆ. ಆ ನಂಬರಿನ ಪ್ರಮಾಣಪತ್ರವನ್ನು ನಾನು ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗು ಹಾಕಿದ್ದೆ.

“ಅಂದ್ರೆ ಇಲ್ಲಿ ನಿಮ್ಗೂ ನಂಬರಿಲ್ಲ, ನನ್ಗೂ ಇಲ್ಲ,” ಅಂದ ನಗುತ್ತಾ. “ಇಬ್ರೂ ಒಂದೇ ಅಲ್ವಾ ಮೇಡಂ?”

ಚಾ ಅಲ್ಲೇ ಬಿಟ್ಟು ಎದ್ದು ಬಂದೆ. ರಾತ್ರಿಯೆಲ್ಲ ಆ ಮಾತು ಕುದಿಯಿತು. ಕುದಿಯಲು ಕಾರಣ ಅದು ಸುಳ್ಳಾಗಿದ್ದದ್ದಲ್ಲ, ಕಾನೂನಿನ ಲೆಕ್ಕದಲ್ಲಿ ನಿಜವೇ ಆಗಿತ್ತು. ನಮ್ಮಂಥವರಿಗೆಂದು ಇಡೀ ದೇಶಕ್ಕೆ ಒಂದು ಕಾನೂನು ಬಂದು ಕೆಲವು ವರ್ಷಗಳಾದವು. ಪ್ರತಿ ರಾಜ್ಯದಲ್ಲೂ ಪರಿಷತ್ತು ಇರಬೇಕು, ಹೆಸರು ನೋಂದಾಯಿಸಿಕೊಂಡವರೇ ಕೆಲಸ ಮಾಡಬೇಕು. ಓದಲು ಬಹಳ ಚೆನ್ನಾಗಿದೆ. ನಾನು ಇಲ್ಲಿಗೆ ಬರುವ ಮೊದಲೇ ಅರ್ಜಿ ಹಾಕಿದ್ದೆ. ಬೆಂಗಳೂರಿನ ಕಚೇರಿಯಲ್ಲಿ, ಹಳೆಯ ರಾಜ್ಯದಿಂದ ನಿರಾಕ್ಷೇಪಣಾ ಪತ್ರ ತನ್ನಿ ಅಂದರು. ಹಳೆಯ ರಾಜ್ಯದವರು, ಪತ್ರ ಕೊಡುತ್ತೇವೆ, ಆದರೆ ಕೊಟ್ಟ ದಿನವೇ ಇಲ್ಲಿ ನಿಮ್ಮ ಹೆಸರು ತೆಗೆಯುತ್ತೇವೆ ಅಂದರು. ತೆಗೆಸಿಕೊಂಡೆ. ಪತ್ರ ತಂದುಕೊಟ್ಟೆ. ಅದು ಪ್ರಕ್ರಿಯೆಯಲ್ಲಿದೆ ಅಂದರು. ಈಗಲೂ ಪ್ರಕ್ರಿಯೆಯಲ್ಲೇ ಇದೆ. ನನ್ನ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಗೋಡೆಯ ಮೇಲಿದ್ದ ಚೌಕಟ್ಟನ್ನು ಕಳಚಿ ಟ್ರಂಕಿನಲ್ಲಿಟ್ಟೆ.

ಆದರೂ ಅವನ ಮೇಲೆ ದೂರು ಕೊಟ್ಟೆ. ಆಮೇಲೆ ಏನಾಯಿತು ಗೊತ್ತೇ? ಅವನು ನನ್ನ ಮೇಲೆ ದೂರು ಕೊಟ್ಟ. ನನ್ನದು ಯಾವ ಮೇಜಿನ ಮೇಲೆ ಮಲಗಿತೋ ತಿಳಿಯದು, ಅವನದು ಮಾತ್ರ ನೆಟ್ಟಗೆ ಆಸ್ಪತ್ರೆಗೆ ಬಂತು. ನಮ್ಮ ಸೂಪರಿಂಟೆಂಡೆಂಟರು ವಯಸ್ಸಾದ ಡಾಕ್ಟರು, ಒಳ್ಳೆಯ ಮನುಷ್ಯ. ಕರೆದು ಕೂರಿಸಿ, “ಪೇಪರ್ ಬರೋ ತನಕ ಪೇಷೆಂಟ್‌ನ ಮುಟ್ಬೇಡಮ್ಮ. ಚೀಟಿ ಬರಿಯೋ ಕೆಲ್ಸ ನೋಡ್ಕೋ. ನಮ್ ಲೈಸೆನ್ಸಿಗೆ ತೊಂದ್ರೆ ಆಗುತ್ತೆ,” ಅಂದರು.

“ಅವಂಗ ಏನೂ ಇಲ್ಲೇನ್ರಿ ಸರ್?”

“ಅವ್ನು ಬೋರ್ಡ್ ಬದಲಾಯಿಸ್ದ. ಈಗ ಅದು ವೆಲ್‌ನೆಸ್ ಸೆಂಟರಂತೆ. ಥೆರಪಿ ಅನ್ನೋ ಪದ ಅಳಿಸ್ಬಿಟ್ಟಿದಾನೆ. ಇನ್ನು ಯಾವ ಕಾನೂನಲ್ಲಿ ಹಿಡೀತಾರೆ?”

ಒಂದು ಪದ ಅಳಿಸಿದವನು ಮರುದಿನವೂ ಅಂಗಡಿ ತೆರೆದ. ವರ್ಷಗಟ್ಟಲೆ ಓದಿದವಳು ಚೀಟಿ ಬರೆಯುತ್ತ ಕೂತೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು ತಿಳಿಯದೆ ಗಂಡನ ಮೇಲೆ ತೀರಿಸಿಕೊಂಡೆ. “ಸೊಲ್ಲಾಪುರಕ್ಕ ಹೋಗಿ ಬಿಡು, ಅಲ್ಲಿ ಮತ್ತ ಹೆಸರು ಹಚ್ಚು. ನಾ ಇಲ್ಲಿ ಹೆಂಗರ ಇರ್ತೀನಿ,” ಅಂದರು. ಹಳೆಯ ಆಸ್ಪತ್ರೆಯವರೂ ಬಾ ಎಂದೇ ಅನ್ನುತ್ತಿದ್ದರು.

ಹೋಗಿಬಿಡುತ್ತಿದ್ದೆನೇನೋ. ಆದರೆ ವೆಂಕಟಮ್ಮನ ಎರಡನೇ ಆಪರೇಷನ್ ಆಯಿತು. ಈ ಸಲ ತೋಳಿನಿಂದ ನರ ತೆಗೆದು ಬೆರಳಿಗೆ ಹಾಕಿದ್ದರು. ಮೂರನೇ ಸಲ ಮಾಡಲು ಆಗುವುದಿಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿ ಕಳಿಸಿದ್ದರು. ಇಂಥ ಕೈಗೆ ಕೆಲವು ವಾರಗಳು ಬಹಳ ನಾಜೂಕು. ಅಲುಗಿಸದಿದ್ದರೆ ನರ ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಹೆಚ್ಚು ಅಲುಗಿಸಿದರೆ ಹರಿಯುತ್ತದೆ. ನನ್ನ ಪೇಪರು ಬರುವ ತನಕ ಆ ನರ ಕಾಯುವುದಿಲ್ಲ. ಅವಳು ಆಸ್ಪತ್ರೆಗೆ ಬಂದು ಕಿಟಕಿಯಲ್ಲಿ ನನ್ನನ್ನು ನೋಡಿ, “ಮೇಡಮ್ಮ, ನೀನು ಮುಟ್ಟಂಗಿಲ್ವಂತೆ. ಇನ್ಯಾರ ತಾವ ಓಗ್ಲಿ?” ಅಂದಳು. ಜಿಲ್ಲೆಯಲ್ಲಿ ಯಾರ ಹೆಸರು ಹೇಳಲಿ ಅಂತ ನನಗೆ ಹೊಳೆಯಲಿಲ್ಲ.

ಆ ಭಾನುವಾರ ನಾನೇ ಅವಳ ಹಳ್ಳಿಯ ಬಸ್ಸು ಹತ್ತಿದೆ. ಕಾನೂನು ಮುರಿಯುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು. ಕಾನೂನು ಮೊದಲು ನನ್ನನ್ನು ಮುರಿದಿತ್ತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವಳ ಕೊಟ್ಟಿಗೆಯಲ್ಲೇ ನಮ್ಮ ಕೆಲಸ ನಡೆಯಿತು. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಅವಳ ಒಲೆಯ ಮೇಲೆಯೇ ಕಾಯಿಸಿ, ಕೈಯ ಅಳತೆಗೆ ಕವಚ ಮಾಡಿದೆ. ಬಲಗೈಯಿಂದ ಎಡಗೈಯ ಬೆರಳು ಮಡಚಿಸುವುದನ್ನು ಕಲಿಸಿದೆ. ಈ ಕಡೆಯವರು ಹಾಲು ಕರೆಯುವಾಗ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗಿಣ್ಣಿಗೆ ಮೊಲೆಯನ್ನು ಒತ್ತಿ ಎಳೆಯುತ್ತಾರೆ. ಹಾಗೆ ಎಳೆದರೆ ಅವಳ ಹೊಸ ನರ ಉಳಿಯುತ್ತಿರಲಿಲ್ಲ. ನಮ್ಮ ಇಂಡಿ ಮನೆಯಲ್ಲಿ ಅವ್ವ ಎಮ್ಮೆ ಕರೆಯುತ್ತಿದ್ದದ್ದು ಪೂರ್ತಿ ಮುಷ್ಟಿಯಲ್ಲಿ, ಮೇಲಿನ ಬೆರಳಿಂದ ಒಂದೊಂದಾಗಿ ಬಿಗಿಯುತ್ತ. ಬಲ ಹಾಕಬಹುದಾದ ಕಾಲ ಬಂದಾಗ ಅದನ್ನೇ ಕಲಿಸಿದೆ. ಆಸ್ಪತ್ರೆಯ ರಬ್ಬರ್ ಕೈಗವಸಿಗೆ ನೀರು ತುಂಬಿ, ಬೆರಳಿನ ತುದಿಗೆ ಸೂಜಿಯಿಂದ ತೂತು ಮಾಡಿ, ಹಸು ಕಟ್ಟುವ ಗೂಟಕ್ಕೆ ತೂಗು ಹಾಕಿದೆ.

“ಥೂ, ಇದೆಂಥ ಹಸಾನೋ,” ಎಂದು ವೆಂಕಟಮ್ಮ ಬಿದ್ದು ಬಿದ್ದು ನಕ್ಕಳು. “ಐದು ಮೊಲೆ ಅವೆ.”

ನಗುತ್ತ ಕರೆದಳು. ಮೊದಮೊದಲು ಹನಿ, ಆಮೇಲೆ ಸಣ್ಣ ಗೆರೆ. ಅವಳು ನನ್ನನ್ನು ಮೇಡಮ್ಮ ಅನ್ನುವುದು ಬಿಟ್ಟು ಅಮ್ಮಣ್ಣಿ ಅನ್ನತೊಡಗಿದಳು. ಇಲ್ಲಿ ಮಗಳನ್ನು ಹಾಗೆ ಕರೆಯುತ್ತಾರೆ. ಒಂದು ದಿನ ಫೋನಿನಲ್ಲಿ ಅವ್ವನಿಗೆ “ಇಡ್ತೀನಿ, ಕೆಲ್ಸಕ್ ಓಗ್ಬೇಕು” ಅಂದುಬಿಟ್ಟೆ. ಅವ್ವ, “ಯಾರ ಮಗಳವ್ವಾ ನೀನು?” ಅಂದಳು. ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು.

ಹೋದ ಭಾನುವಾರ ವೆಂಕಟಮ್ಮ ಎರಡೂ ಕೈಯಲ್ಲಿ ಹಸು ಕರೆದಳು. ಕ್ಯಾನನ್ನು ಎಡಗೈಯಲ್ಲೇ ಹಿಡಿದು ಡೈರಿಗೆ ಹೊರಟಳು. ನನ್ನನ್ನೂ ಕರೆದುಕೊಂಡು ಹೋದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಅವಳ ಬೆರಳು ಮುಟ್ಟಿ ಮುಟ್ಟಿ ನೋಡಿದರು. ಹಾಲು ಅಳೆಯುತ್ತಿದ್ದ ಸೆಕ್ರೆಟ್ರಿ ತಲೆಯೆತ್ತಿ, “ಯಾರ್ ತಾವ ವಾಸಿ ಆಯ್ತು ವೆಂಕಟಮ್ಮಕ್ಕ?” ಎಂದು ಕೇಳಿದ.

ವೆಂಕಟಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಇನ್ಯಾರ್ ತಾವ? ಬಂಗಾರಪೇಟೆ ಕರೆಂಟು ಡಾಕ್ಟ್ರು ತಾವ್ಲೇ,” ಅಂದಳು.

ನನ್ನನ್ನು ಕಾಪಾಡುತ್ತಿದ್ದಳು. ಯಾರಿಗೂ ತಿಳಿಯಬಾರದು, ತಿಳಿದರೆ ಅಮ್ಮಣ್ಣಿಯ ಕೆಲಸ ಹೋಗುತ್ತದೆ ಅಂತ ಅವಳು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಿರಬೇಕು. ಮೆಲ್ಲಗೆ ನನ್ನ ಸೆರಗು ಜಗ್ಗಿದಳು, ಸುಮ್ಮನಿರು ಅನ್ನುವಂತೆ. ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಸಾಲಿನ ಹಿಂದಿದ್ದ ಒಬ್ಬ ಹುಡುಗಿ, ಈಚೆಗೆ ಮದುವೆಯಾಗಿ ಬಂದವಳು, ಮುಂದೆ ಬಂದಳು. ಅವಳ ಅಂಗೈಗೂ ಹೊಸ ಹಿಟ್ಟಿನ ಪಟ್ಟಿ.

“ಅಂಗಾರೆ ನಾನೂ ನಾಳೆ ಅಲ್ಗೇ ಓಗ್ತೀನಿ ಕಣತ್ತೆ,” ಅಂದಳು.

ನಾನು ಅವಳ ಮುಂದೆ ಹೋಗಿ ನಿಂತೆ. “ಸುಳ್ಳು,” ಅಂದೆ. ನನ್ನ ಕನ್ನಡ ಪೂರಾ ಇಂಡಿಗೆ ಹೋಗಿತ್ತು. “ಆಂವ ಈ ಕೈ ಕೆಡಿಸಿದಾಂವ. ರಿಪೇರಿ ಮಾಡಿದಾಕಿ ನಾನು. ನನ್ನ ಹಂತ್ಯಾಕ ಈ ರಾಜ್ಯದ ನಂಬರಿಲ್ಲ, ಯಾರಿಗಿ ಹೇಳ್ತೀರಿ ಹೇಳ್ರಿ. ಕೇಳವಾ ತಂಗಿ, ಆಪರೇಷನ್ ಮಾಡಿದ ಡಾಕ್ಟರು ಹೇಳೂತನಕಾ ಆ ಪಟ್ಟಿ ಯಾರ ಕಡೆಗೂ ಬಿಚ್ಚಿಸಬ್ಯಾಡ. ಚೆಂಡು ಹಿಸುಕಬ್ಯಾಡ.”

ಅರ್ಧ ಅರ್ಥವಾಯಿತೋ ಪೂರ್ತಿ ಆಯಿತೋ, ಆ ಹುಡುಗಿ ಪಟ್ಟಿಯ ಕೈಯನ್ನು ಎದೆಗೆ ಅವುಚಿಕೊಂಡಳು. ಸೆಕ್ರೆಟ್ರಿ ಜೇಬಿನಿಂದ ಫೋನು ತೆಗೆದು ಹೊರಗೆ ಹೋದ.

ವಾಪಸು ಬರುವಾಗ ವೆಂಕಟಮ್ಮ ನನಗಿಂತ ಮುಂದೆ ಬಿರಬಿರನೆ ನಡೆದಳು. ಖಾಲಿ ಕ್ಯಾನು ಎಡಗೈಯಲ್ಲಿ ತೂಗುತ್ತಿತ್ತು. ಕೊಟ್ಟಿಗೆಯ ಹತ್ತಿರ ಬಂದಾಗ ನಿಂತಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು.

“ಯಾತಕ್ ಯೋಳ್ದೆ ಅಮ್ಮಣ್ಣಿ? ಈಗ ನಿನ್ನ ನಿಮ್ಮೂರಿಗೆ ಕಳಿಸ್ಬಿಡ್ತಾರೆ.”

“ಕಳಸ್ಲಿ ಅಕ್ಕಾ,” ಅಂದೆ. “ಯಾವ ಊರಿಗೆ ಅಂತ ಅವರೇ ಹೇಳ್ಲಿ.”