ಮಾಸ್ತರರು ಒಪ್ಪಿಕೊಂಡ ಸಹಿ

ಮಾಸ್ತರರ ಬಲಗೈ ತೋರುಬೆರಳಿನ ತುದಿ ಯಾವ ಕಾಲದಲ್ಲೂ ಸೀಳಿರುತ್ತಿತ್ತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು. ಗಡಿಯಾಚೆ ಮಕ್ತಲ್ ಕಡೆಯ ನಮ್ಮೂರ ಕನ್ನಡ ಶಾಲೆಯಲ್ಲಿ ಆ ಬೆರಳನ್ನು ನನ್ನ ಬೆರಳ ಮೇಲೆ ಒತ್ತಿ ಅಕ್ಷರ ತಿದ್ದಿಸಿದವರು ಅವರು. ಸುಳ್ಳು ಹೇಳಿದವನನ್ನು ಹೊಡೆಯುತ್ತಿರಲಿಲ್ಲ. ನಿಜ ಹೇಳುವವರೆಗೆ ತಮ್ಮ ಕುರ್ಚಿಯ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದರು. ಅದಕ್ಕಿಂತ ಹೊಡೆತವೇ ವಾಸಿ ಅನಿಸುತ್ತಿತ್ತು.

ತೆಲಂಗಾಣ ಬೇರೆ ರಾಜ್ಯವಾದ ಹೊಸದರಲ್ಲಿ ನನಗೆ ಮಕ್ತಲಿನ ಒಂದು ಬ್ಯಾಂಕಿನಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ಅವರ ಪಿಂಚಣಿಯೂ ಅಲ್ಲಿಗೇ ಬರುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಒಂದು ದಿನ ಪಾಸ್‌ಬುಕ್ ಹಿಡಿದು ನನ್ನೆದುರು ಬಂದರು. ತಾವು ಕೇಳದ ಎಟಿಎಂ ಕಾರ್ಡಿಗೆ ವರ್ಷವರ್ಷವೂ ಖಾತೆಯಿಂದ ದುಡ್ಡು ಮುರಿದುಕೊಂಡಿದ್ದಾರೆ ಎಂದರು. ನೀವೇ ಸಹಿ ಹಾಕಿ ಮರೆತಿರಬೇಕು ಸಾರ್, ಎಂದೆ. ಪಾಪ, ಮನೆಗೆ ಹೋಗಿ ಎರಡು ದಿನ ನೆನಪು ಮಾಡಿಕೊಂಡರಂತೆ.

ಸಹಿ ಹಾಕಿದ್ದು ನಾನು. ಮಾರ್ಚ್ ಮುಗಿಯುವುದರೊಳಗೆ ಇಷ್ಟು ಕಾರ್ಡು ಕೊಡಲೇಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಮ್ಯಾನೇಜರು ಕಾರ್ಡಿನ ಅರ್ಜಿಗಳ ರಾಶಿ ಹಂಚಿದರು. ತೆಲುಗಿನಲ್ಲಿ ಸಹಿ ಹಾಕುವ ಗಿರಾಕಿಗಳದು ಉಳಿದವರಿಗೆ, ಕನ್ನಡದಲ್ಲಿ ಹಾಕುವವರದು ನನಗೆ. ಆ ಬ್ಯಾಂಕಿನಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ. ಕಲಿಸಿದ ವಿದ್ಯೆ ಹೀಗೆ ಉಪಯೋಗಕ್ಕೆ ಬಂತು.

ಮಾಸ್ತರರು ಮಹಬೂಬನಗರದ ಗ್ರಾಹಕರ ಕೋರ್ಟಿಗೆ ತಾವೇ ಅರ್ಜಿ ಬರೆದು ಹಾಕಿದರು. ವಕೀಲರನ್ನು ಇಡಲಿಲ್ಲ. ಗುಡ್ಡ ಅಗೆದು ಇಲಿ ಹಿಡಿಯಲು ಹೊರಟಿದ್ದಾರೆಂದು ಊರು ನಕ್ಕಿತು. "ಇಲಿ ಸಣ್ಣದಿದ್ರೂ ಕಾಳು ತಿಂದದ್ದು ಖರೇನ ಐತಿ" ಎನ್ನುತ್ತಿದ್ದರು. ವಾಯಿದೆಗೊಮ್ಮೆ ಬಸ್ಸು ಹತ್ತುತ್ತಿದ್ದರು. ಬಸ್ಸಿನ ಖರ್ಚೇ ಮುರಿದ ದುಡ್ಡನ್ನು ಮೀರಿತ್ತು.

ಕೊನೆಯ ವಾಯಿದೆಯ ದಿನ ಬ್ಯಾಂಕಿನ ವಕೀಲರ ಹಿಂದೆ ಫೈಲು ಹೊತ್ತು ಹೋದವನು ನಾನೇ. ವಕೀಲರು ಕಾರ್ಡಿನ ಅರ್ಜಿ ತೆಗೆದು ಮಾಸ್ತರರ ಮುಂದಿಟ್ಟರು. ಸಹಿ ತಮ್ಮದಲ್ಲ ಎಂದು ಒಂದು ಮಾತು ಹೇಳಿದರೆ ಗೆದ್ದಂತೆ. ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿದರು. ಹಾಳೆಯನ್ನು ಹತ್ತಿರ ಹಿಡಿದು ಮತ್ತೆ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಫೈಲಿನ ದಾರ ಬಿಗಿಯತೊಡಗಿದೆ.

ಸಹಿ ತಮ್ಮದೇ ಎಂದು ತೆಲುಗಿನಲ್ಲಿ ಹೇಳಿದರು.

ಕೋರ್ಟಿನ ಹೊತ್ತು ಹಾಳು ಮಾಡಿದಿರಿ ಎಂದು ಅವರಿಗೇ ಬೈಗುಳ ಬಿತ್ತು. ಕೈಕಟ್ಟಿ ನಿಂತು ಕೇಳಿಸಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹತ್ತಿರ ಕರೆದು, ನೌಕರಿ ಕಾಯಂ ಆಯಿತೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

"ಹಿಂಗ ಎಷ್ಟು ಮಂದೀದು ಹಾಕೀದಿ?"

ನಾನು ಎದುರಿನ ಬಸ್ಸಿನ ಬೋರ್ಡು ಓದತೊಡಗಿದೆ.

"ನಂದು ಹೋಗ್ಲಿ ಬಿಡು. ಉಳಿದವ್ರ ರೊಕ್ಕ ಹೆಂಗರ ಮಾಡಿ ಹೊಳ್ಳಿ ಕೊಡ್ಸು. ನಿನ್ನ ಕೈಲೇ ಆಗ್ಬೇಕು ಅದು."

ಹ್ಞೂಂ ಎಂದೆ. ಆದರೆ ಒಬ್ಬರಿಗೂ ಕೊಡಿಸಲಿಲ್ಲ. ಮೊದಲು ನೌಕರಿ ಕಾಯಂ ಆಗಲಿ ಎಂದುಕೊಂಡೆ. ಕಾಯಂ ಆದ ಮೇಲೆ ಹಳೆಯದನ್ನು ಕೆದಕುವುದೇಕೆ ಎಂದುಕೊಂಡೆ. ನಾಚಿಕೆಗೆಟ್ಟವನಿಗೆ ನೆವಗಳಿಗೇನು ಬರ. ಊರಿನಲ್ಲಿ ಮಾತ್ರ ಮಾಸ್ತರರಿಗೆ ಅರಳು ಮರಳು ಎಂದು ಹೆಸರಾಯಿತು. ಹಳೇ ವಿದ್ಯಾರ್ಥಿಗಳೇ ಹಾಗೆ ಆಡಿಕೊಳ್ಳುವಾಗ ನಾನೂ ಅವರ ನಡುವೆ ಕೂತು ಚಹಾ ಕುಡಿದಿದ್ದೇನೆ.

ಎರಡು ವರ್ಷದ ಮೇಲೆ ಮಾಸ್ತರರು ತೀರಿಕೊಂಡರು. ಖಾತೆ ಮುಚ್ಚಿಸಲು ಅವರ ಹೆಂಡತಿ ನನ್ನ ಹತ್ತಿರವೇ ಬಂದರು. ಮಾಸ್ತರರು ಸತ್ತ ಮೇಲೂ ಆ ವರ್ಷದ ಕಾರ್ಡಿನ ದುಡ್ಡು ಮುರಿದಿತ್ತು. ಆ ತಾಯಿಗೆ ಅದು ಗೊತ್ತಾಗಲಿಲ್ಲ. ಕಾಗದಪತ್ರ ಮುಗಿಸಿ ಏಳುವಾಗ ತಡೆದು ಕೇಳಿದರು:

"ಗೆಲ್ತೀನಿ ಅಂತಿದ್ರಪಾ. ಕೇಸು ಯಾಕ ಬಿಟ್ರೋ ನನಗ ಕಡೀತನಕಾ ಹೇಳಲಿಲ್ಲ. ನಿನ್ನ ಮ್ಯಾಲ ಭಾಳ ಜೀವ ಇತ್ತು ಅವ್ರಿಗೆ. ನಿನ್ನ ಮುಂದೇನರ ಅಂದಿದ್ರೇನು?"

"ಇಲ್ರೀ ಅಮ್ಮಾ" ಎಂದೆ.