ಹಗ್ಗ ಹಿಡಿಯುವವನ ರಜಾದಿನ

ಮನರಂಜನಾ ಪಾರ್ಕಿನ ದೊಡ್ಡ ರೋಲರ್ ಕೋಸ್ಟರ್ ಬಾಗಿಲಲ್ಲಿ ಹಗ್ಗ ಹಿಡಿದು ನಿಲ್ಲುವುದು ನನ್ನ ಕೆಲಸ. ಸಾಲಿನಲ್ಲಿ ನಿಲ್ಲದೆ ಮೊಬೈಲಿನಲ್ಲೇ ಮುಂಗಡವಾಗಿ ಸರದಿ ಹಿಡಿದವರು ಬಂದರೆ ಹಗ್ಗ ಎತ್ತಿ ಒಳಗೆ ಬಿಡಬೇಕು. ಬಿಸಿಲಲ್ಲಿ ಕಾಯುತ್ತ ನಿಂತವರ ಸಾಲನ್ನು ಅಷ್ಟು ಹೊತ್ತು ತಡೆಯಬೇಕು. ಇಷ್ಟಕ್ಕೇ ನನಗೆ ಎರಡು ಕೊಂಬು ಮೂಡಿದ್ದವು.

ಒಂದು ರಜಾದಿನ ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೇ ಹೋದೆ.

"ಮೊಬೈಲಲ್ಲೇ ಸರದಿ ಹಿಡಿಯೋಣ ಕಣ್ರೀ," ಎಂದಳು.

"ನನಗೇ ಹೇಳಿಕೊಡ್ತೀಯಾ? ಇವತ್ತು ಸಾಲೇ ಬೇಗ ಹೋಗುತ್ತೆ, ನೋಡ್ತಿರು," ಎಂದು ಮೀಸೆ ತಿರುವಿ ಸಾಲಿಗೆ ನಿಂತೆ. ಅವಳು ಮೊಬೈಲಿನಲ್ಲಿ ಸರದಿ ಹಿಡಿದು, ನೆರಳಿನ ಬೆಂಚಿನಲ್ಲಿ ಕಾಲು ಚಾಚಿ ಕೂತಳು.

ಸಾಲು ಆಮೆಯಂತೆ ತೆವಳಿತು. ಅಂತೂ ಇಂತೂ ಎಲ್ಲರಿಗಿಂತ ಮುಂದೆ ಬಂದೆ. ಅಷ್ಟರಲ್ಲಿ ಮೊಬೈಲಿನವರ ದೊಡ್ಡ ಗುಂಪು ಬಂತು. ನನ್ನ ಬದಲಿಗೆ ಹಗ್ಗ ಹಿಡಿದಿದ್ದ ಹೊಸಬಳು ತಬ್ಬಿಬ್ಬಾದಳು. ನನ್ನ ಹಾಳು ಅಭ್ಯಾಸ ಸುಮ್ಮನಿರಬೇಕಲ್ಲ! ನಾನೇ ಹಗ್ಗ ಎತ್ತಿ, ಇನ್ನೊಂದು ಕೈಯಿಂದ ಸಾಲನ್ನು ತಡೆದು, "ಬನ್ನಿ, ಬನ್ನಿ," ಎಂದು ಅವರನ್ನೆಲ್ಲ ಒಳಗೆ ಬಿಟ್ಟೆ. ಕೊನೆಯವಳು ನನ್ನ ಹೆಂಡತಿ. ಅವಳು ನಗು ತಡೆದುಕೊಂಡು ಮೊಬೈಲು ತೋರಿಸಿದಳು. ನಾನು ಗಂಭೀರವಾಗಿ ಪರೀಕ್ಷಿಸಿ ಒಳಗೆ ಬಿಟ್ಟೆ. ಬಂಡಿ ತುಂಬಿ ಹೊರಟೇ ಹೋಯಿತು.

ಹಿಂದೆ ನಿಂತಿದ್ದ ಹೆಂಗಸೊಬ್ಬರು ರೇಗಿದರು: "ಏನಪ್ಪಾ, ಸಾಲಲ್ಲಿ ನಿಂತವರು ಮನುಷ್ಯರಲ್ವಾ?"

"ಸ್ವಲ್ಪ ತಾಳ್ಮೆ ಇರಲಿ ಅಮ್ಮಾ, ನಿಮ್ಮ ಸರದಿನೂ ಬರುತ್ತೆ," ಎಂದೆ, ಡ್ಯೂಟಿಯ ದನಿಯಲ್ಲಿ.

ಆಮೇಲೆ ನನ್ನ ಕಾಲುಗಳನ್ನು ನೋಡಿಕೊಂಡೆ. ಅವು ಹಗ್ಗದ ಈಚೆಗೆ, ಕಾಯುವವರ ಸಾಲಿನಲ್ಲೇ ಇದ್ದವು.